ನೆಲದಲ್ಲಿ ಬರುವ ಸದ್ದು

ಅಪ್ಪಾ,

ನಾವಿಲ್ಲಿ ಕ್ಷೇಮ, ನೀನು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡಬೇಕು. ಹಾಗೆಂದು ಕಲಿಸಿದವನು ನೀನೇ. ಹಾಸ್ಟೆಲ್ಲಿನಿಂದ ನಾನು ಬರೆಯುತ್ತಿದ್ದ ಕಾಗದದಲ್ಲಿ ಆ ಸಾಲು ಇಲ್ಲದಿದ್ದರೆ ನೀನು ಮುಂದೆ ಓದುತ್ತಲೇ ಇರಲಿಲ್ಲವಂತೆ. "ಮದ್ಲ ಕ್ಷೇಮ ಅದಾಳೋ ಇಲ್ಲೋ ಹೇಳ್ಲಿ, ಉಳದದ್ದು ಆಮ್ಯಾಲ" ಎನ್ನುತ್ತಿದ್ದೆಯಂತೆ. ಇವತ್ತು ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ಕ್ಷೇಮ ಇಲ್ಲ ಅಪ್ಪಾ. ನಿನ್ನ ಅಕ್ಕಿ ಗಿರಣಿಯನ್ನು ಹೋದ ವಾರ ಬಿಚ್ಚಿ ಲಾರಿಗೆ ಹೇರಿ ಕಳಿಸಿಬಿಟ್ಟೆವು. ಆದರೆ ಬರೀ ಗಿರಣಿಯ ಸಂಕಟಕ್ಕೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ನಿನ್ನ ಮೊಮ್ಮಗಳ ಬಗ್ಗೆ ನಿನಗೆ ಹೇಳದೆ ಉಳಿದ ಮಾತೊಂದಿದೆ. ನೀನು ಹೋದ ಮೇಲೆ ನಮಗೆ ಗೊತ್ತಾದದ್ದು. ಸುತ್ತಿ ಬಳಸಿ ಮಾತಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಗಂಗಾಗೆ ಕಿವಿ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದಲೂ ಕೇಳಿಸುತ್ತಿರಲಿಲ್ಲ. ನಿನ್ನ ತೊಡೆಯ ಮೇಲೆ ಕೂತು ನಿನ್ನ ಹಾಡು ಕೇಳುತ್ತಿದ್ದಳಲ್ಲ, ಆಗಲೂ.

ನನ್ನ ಮದುವೆಯಾದ ಮೊದಲ ವಾರ ಸವಣೂರಿನಿಂದ ನನ್ನ ಅತ್ತೆ ನಿನಗೆ ಫೋನ್ ಮಾಡಿದ್ದು ನೆನಪಿದೆಯಾ? "ಬೀಗರ, ನಿಮ್ಮ ಮಗಳು ನಮ್ಮ ಮ್ಯಾಲೆ ಯಾಕ ಸಿಟ್ಟಾಗ್ಯಾಳ್ರಿ? ಚಾ ಕುಡೀರಿ ಅನ್ನೂದನ್ನೂ ಜಗಳಾ ತಗದಂಗ ಅಂತಾಳ" ಎಂದು ಕೇಳಿದರು. ಅದಕ್ಕೆ ನೀನು, "ಸಿಟ್ಟಲ್ರೀ ಅಕ್ಕಾರ, ಗಿರಣಿ ಮನ್ಯಾಗ ಬೆಳದ ಹುಡುಗಿ, ಅದರ ದನೀನ ಅಷ್ಟು!" ಎಂದು ನನಗಿಂತ ಜೋರಾಗಿ ಕೂಗಿದ್ದೆ. ಅತ್ತೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದಿದ್ದರು. ಅವರಿಗೆ ಹೇಗೆ ಗೊತ್ತಾಗಬೇಕು? ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಅಡುಗೆಮನೆಗೂ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮಾತಾಡಬೇಕೆಂದರೆ ಕೂಗಲೇಬೇಕಿತ್ತು. ಅದಕ್ಕಾಗಿಯೇ ನೀನು ಮನೆಗೆಲ್ಲ ಒಂದು ಕಾಯ್ದೆ ಮಾಡಿದ್ದೆ. ಯಾರಾದರೂ ಕರೆದರೆ ಕೂಡಲೇ "ಓ" ಅನ್ನಬೇಕು. "ಎರಡನೇ ಸಲ ಕರಸ್ಕೋಬಾರದು ನೋಡ್ರಿ" ಎನ್ನುತ್ತಿದ್ದೆ. ಮೋಟಾರಿನ ಚಕ್ರಕ್ಕೆ ಬಿಗಿದ ಪಟ್ಟಾ ಸುತ್ತುವ ಕಡೆ ಮಕ್ಕಳು ಓಡಾಡುವ ಮನೆ, ಓ ಬರಲಿಲ್ಲವೆಂದರೆ ಏನೋ ಆಗಿದೆ ಎಂದೇ ಅರ್ಥ. ಒಮ್ಮೆ ನಾನು ಪುಸ್ತಕ ಓದುತ್ತ ಓ ಅನ್ನದೆ ಕೂತಿದ್ದಾಗ, ಹೊಟ್ಟು ಬಿಡಿಸುವ ಹಲ್ಲರಿನಲ್ಲಿ ಭತ್ತ ಇರುವಾಗಲೇ ಮೋಟಾರು ಬಂದ್ ಮಾಡಿ ಓಡಿ ಬಂದಿದ್ದೆಯಲ್ಲ. ಮೈತುಂಬ ತೌಡು ಮೆತ್ತಿಕೊಂಡು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದೆ, ಬೈಯಲಿಲ್ಲ. ಅವತ್ತಿನಿಂದ ನಿದ್ದೆಯಲ್ಲೂ ನಾನು ಓ ಅನ್ನುತ್ತೇನೆ.

ಬಸ್ಸಿನಲ್ಲಿ ನಾವಿಬ್ಬರೂ ವಾದ ಮಾಡಿದ್ದು ನೆನಪಾಗುತ್ತಿದೆ. ಆಗ ನನಗೆ ಹೈಸ್ಕೂಲು ನೌಕರಿ ಹೊಸದು, ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡಬೇಕಿತ್ತು. ನೀನು ಹಾನಗಲ್ಲಿಗೆ ಮೋಟಾರಿನ ಸಾಮಾನು ತರಲು ಹೊರಟಿದ್ದೆ. ಗಿರಣಿಯ ಒಳಗಿಂದ ಸದ್ದು ಹೊರಗೆ ಬಂದು, ಗಾಳಿಯಲ್ಲಿ ಹಾರಿ, ಊರೆಲ್ಲ ಬೀಳುತ್ತದೆ ಎಂದು ನಿನ್ನ ವಾದ. ತೌಡು ಹಾರಿದ ಹಾಗೆ. "ಹಂಗಲ್ಲಪಾ, ಏನೂ ಹಾರೂದಿಲ್ಲ" ಎಂದರೆ ನೀನು ಒಪ್ಪಬೇಕಲ್ಲ! ಅಷ್ಟರಲ್ಲಿ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಇನ್ನೊಬ್ಬರನ್ನು ತುರುಕಿ, "ಮುಂದ ಸರೀರಿ, ಮುಂದ ಸರೀರಿ" ಎಂದು ದಬ್ಬಿದ. ಆ ದಬ್ಬಾಟ ಒಬ್ಬರಿಂದ ಒಬ್ಬರಿಗೆ ಹಾಯ್ದು ಡ್ರೈವರನ ಹಿಂದೆ ನಿಂತಿದ್ದ ಮುದುಕಿಯ ಬೆನ್ನಿಗೆ ತಾಗಿತು. ಆಕೆ ತಿರುಗಿ ಬೈದಳು. ನಾನು ಹೇಳಿದೆ, "ನೋಡು, ಕಂಡಕ್ಟರ್ ಅಲ್ಲೇ ಅದಾನು, ಮಂದಿನೂ ನಿಂತಲ್ಲೇ ಅದಾರು. ಮುಂದ ಹೋದದ್ದು ಬರೇ ದಬ್ಬಾಟ. ಸದ್ದು ಅಂದ್ರ ಇಷ್ಟ." ನೀನು, "ಹಂಗಾರ ಕಡೀಕ ಬೈಯಾಕ ಒಂದು ಮುದುಕಿ ಬೇಕ ಬೇಕು" ಎಂದೆ. ಬಸ್ಸೆಲ್ಲ ನಕ್ಕಿತು. ಆ ಮಾತನ್ನು ನಾನು ಇವತ್ತಿಗೂ ತರಗತಿಯಲ್ಲಿ ಹೇಳುತ್ತೇನೆ. ಹೇಳುತ್ತಿದ್ದೆ ಎನ್ನಬೇಕು, ಈಗ ಬಾಯಿಗೆ ಬರುವುದಿಲ್ಲ.

ಗಂಗಾ ಹುಟ್ಟಿ ಬಾಣಂತನಕ್ಕೆ ನಾನು ನಿನ್ನ ಮನೆಯಲ್ಲಿದ್ದಾಗ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ್ದೆ. ಅವ್ವನ ಹೆಸರನ್ನೇ ಇಟ್ಟೆ. ತ್ರೀ ಫೇಸ್ ಕರೆಂಟು ಬಂದು ತಮ್ಮ ಶಿವು ಮೋಟಾರು ಹಚ್ಚಿದ ಗಳಿಗೆಗೆ ಅಳುತ್ತಿದ್ದ ಕೂಸು ಗಪ್ಪಾಗುತ್ತಿತ್ತು. ಕಣ್ಣು ಅಗಲ ಮಾಡಿ ಗಿರಣಿಯ ಕಡೆ ಮುಖ ತಿರುಗಿಸುತ್ತಿತ್ತು. "ನೋಡ್ರಲೇ, ಇದರ ಕಿವಿ ಎಷ್ಟ ಸೂಕ್ಷ್ಮ ಐತಿ!" ಎಂದು ನೀನು ಬಂದವರಿಗೆಲ್ಲ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸಿದೆ. ದವಾಖಾನೆಯ ಕಡೆಯಿಂದ ಬಂದ ಆಶಾ ಅಕ್ಕ, "ಕೂಸಿಗೆ ಕಿವಿ ಕೇಳ್ತಾವೇನ್ರಿ?" ಎಂದಾಗ ನೀನು ಕಿಟಕಿಯಿಂದ ಶಿವುಗೆ ಕೈ ಮಾಡಿದೆ. ಮೋಟಾರು ಗುಂಯ್ ಎಂದಿತು, ಕೂಸು ಹೊರಳಿ ನೋಡಿತು, ಆಶಾ ಅಕ್ಕ ನಕ್ಕು, "ಭಾಳ ಚೊಲೋ ಕೇಳ್ತಾವು ಬಿಡ್ರಿ" ಎಂದು ಹೋದಳು. ಬೇರೆಯವರ ಮನೆಯಲ್ಲಿ ಕೂಸಿನ ಬೆನ್ನ ಹಿಂದೆ ತಾಟು ಬಡಿದು ನೋಡುತ್ತಾರೆ. ನಾವು ಗಿರಣಿ ಹಚ್ಚಿ ನೋಡಿದೆವು.

ಆ ಪರೀಕ್ಷೆಯ ನೆನಪಾದಾಗಲೆಲ್ಲ ಹಣೆ ಹಣೆ ಬಡಿದುಕೊಳ್ಳಬೇಕು ಅನಿಸುತ್ತದೆ. ಹಲ್ಲರು ಕೂತಿದ್ದ ಕಲ್ಲಿನ ಕಟ್ಟೆ, ಕಟ್ಟೆಯಿಂದ ನೆಲ, ನೆಲದಿಂದ ಗೋಡೆ, ಗೋಡೆಯಿಂದ ತೊಲೆ, ತೊಲೆಯಿಂದ ತೊಟ್ಟಿಲ ಹಗ್ಗ, ಹಗ್ಗದಿಂದ ಕೂಸಿನ ಬೆನ್ನು. ಬಸ್ಸಿನ ದಬ್ಬಾಟದ ಹಾಗೆ ಒಂದರಿಂದ ಒಂದಕ್ಕೆ. ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಕಲ್ಲು ಕಬ್ಬಿಣದಲ್ಲಿ ಸದ್ದು ವೇಗವಾಗಿ ಹೋಗುತ್ತದೆ ಎಂದು ನಾನೇ ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಈಗ ಊರವರು, "ಅಲ್ಲವಾ, ನೀ ಸೈನ್ಸ್ ಟೀಚರ್, ನಿನಗ ತಿಳೀಲಿಲ್ಲೇನು?" ಎಂದು ಬಾಯಿಗೆ ಸೆರಗು ಹಿಡಿದು ಕೇಳುತ್ತಾರೆ. ತಿಳಿಯಲಿಲ್ಲ, ಏನೀಗ? ನಾವು ಅದೇ ಗಿರಣಿಯ ಅದುರಾಟದಲ್ಲಿ ಹುಟ್ಟಿ ಬೆಳೆದವರು. ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುವುದು, ತಗಡಿನ ಮೇಲೆ ಬಿದ್ದ ತೌಡು ತಾನೇ ಸರಿದು ಗೆರೆ ಗೆರೆಯಾಗಿ ಕೂಡುವುದು, ಇವೆಲ್ಲ ನಮಗೆ ಗೋಡೆಯ ಸುಣ್ಣದಷ್ಟೇ ಸಹಜ. ಮೀನಿಗೆ ನೀರು ಕಾಣುತ್ತದೆಯೇ? ನನಗೆ ಸಿಟ್ಟು ಬರುವುದು ಆ ಪ್ರಶ್ನೆಗಲ್ಲ. ನಮ್ಮ ಕೂಸಿನ ಕಿವುಡನ್ನು ನಮ್ಮ ಗಿರಣಿಯೇ ಹೀಗೆ ಸುಳ್ಳು ಸಾಕ್ಷಿ ಹೇಳಿ ಮುಚ್ಚಿಟ್ಟಿತಲ್ಲ, ಅದಕ್ಕೆ.

ಬಾಣಂತನ ಮುಗಿದ ಮೇಲೂ ಶಾಲೆಗೆ ಹತ್ತಿರವೆಂದು ನಾವಿಬ್ಬರೂ ನಿನ್ನ ಮನೆಯಲ್ಲೇ ಉಳಿದೆವಲ್ಲ. ಎರಡು ವರ್ಷ ತುಂಬಿದರೂ ಅವಳು ಮಾತಾಡದಿದ್ದಾಗ ನೀನು ಹೇಳಿದ್ದೆಲ್ಲ ನನಗೆ ಬಾಯಿಪಾಠ. "ತಡಾ ಮಾತಾಡೂ ಕೂಸು ಊರ ತುಂಬ ಮಾತಾಡ್ತೈತಿ." ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ಅವಳ ನಾಲಿಗೆಗೆ ಹಚ್ಚುತ್ತಿದ್ದೆ, ಅವಳು ಮುಖ ಕಿವಿಚುತ್ತಿದ್ದಳು. ಶನಿವಾರ ನಾನು ಅವಳನ್ನು ಸವಣೂರಿಗೆ ಕರೆದುಕೊಂಡು ಹೋದರೆ ಅತ್ತೆ, "ಕರದ್ರ ತಿರಗೀನೂ ನೋಡೂದಿಲ್ಲ. ನಿಮ್ಮ ಮನ್ಯಾಗ ಒದರಿ ಒದರಿ ಸಣ್ಣ ದನಿ ಇದರ ಕಿವಿಗೆ ತಾಕದಂಗ ಆಗೇತಿ" ಎನ್ನುತ್ತಿದ್ದರು. ನಾವು ನಕ್ಕೆವು. ನಿನಗೆ ಮಾತ್ರ ಒಂದೇ ಆಸೆ. "ಒಮ್ಮೆ ಅಜ್ಜಾ ಅನ್ನಲಿ, ಸಾಕು." ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡು ನಿನ್ನ ಒಡಕು ದನಿಯಲ್ಲಿ ಜೋಗುಳ ಗುನುಗುತ್ತಿದ್ದೆ. ಅವಳು ಗಲ್ಲವನ್ನು ನಿನ್ನ ಎದೆಯ ಎಲುಬಿಗೆ ಒತ್ತಿ ಅಲುಗಾಡದೆ ಇರುತ್ತಿದ್ದಳು. ಹಾಡು ನಿಂತರೆ ತಲೆ ಎತ್ತಿ, ಅಂಗೈಯಿಂದ ನಿನ್ನ ಎದೆಗೆ ಪಟಪಟ ಎರಡು ಏಟು. ನೀನು ಎದೆ ಕುಲುಕಿ ನಗುತ್ತಿದ್ದೆ. "ಅಜ್ಜಾ ಅನ್ನವಲ್ದು, ಹೊಡಿತೈತಿ ನೋಡು ಕಳ್ಳಿ!" ಎಂದು ನನ್ನ ಮುಂದೆ ಚಾಡಿ ಹೇಳುತ್ತಿದ್ದೆ.

ನೀನು ಹೋದದ್ದು ಒಂದು ಮಧ್ಯಾಹ್ನ. ಎದೆಯಲ್ಲಿ ಏನೋ ಹಿಡಿದಂಗಾಗೈತಿ ಎಂದು ಚೀಲದ ಮೇಲೆ ಕೂತವನು ಏಳಲಿಲ್ಲ. ಶಿವು ಕೈಯಿಂದ ಮೋಟಾರು ಬಂದ್ ಮಾಡಿಸಿದವರು ಯಾರೋ, ನನಗೆ ನೆನಪಿಲ್ಲ. ಹೊಲದಲ್ಲಿ ಅವ್ವನ ಪಕ್ಕದಲ್ಲೇ ನಿನ್ನನ್ನು ಮಣ್ಣು ಮಾಡಿ ಬಂದೆವು. ಶಿವಗಣಾರಾಧನೆಯ ಕಾರ್ಯ ಮುಗಿಯುವ ತನಕ ಗಿರಣಿ ಹಚ್ಚಬಾರದು ಎಂದು ಹಿರಿಯರು ಹೇಳಿದರು. ಅಷ್ಟು ದಿನ ಗಿರಣಿ ನಿಂತದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಮನೆಗೆ ಬಂದವರು ಪಿಸುಗುಟ್ಟುತ್ತಿದ್ದರೆ ನಾವು ಮಾತ್ರ ಕೂಗಿ ಕೂಗಿ ಮಾತಾಡಿ, ಆಮೇಲೆ ನಾಚಿ ಸುಮ್ಮನಾಗುತ್ತಿದ್ದೆವು. ಗಡಿಯಾರದ ಟಿಕ್ ಟಿಕ್ ಕೇಳುವಷ್ಟು ಮೌನ. ಆ ಮೌನದಲ್ಲಿ ಅಡುಗೆಮನೆಯ ಮಾಡದಿಂದ ಹಿತ್ತಾಳೆಯ ಕೊಡ ಜಾರಿ ಫರಸಿಯ ಮೇಲೆ ಬಿತ್ತು. ಮನೆಯವರೆಲ್ಲ ಬೆಚ್ಚಿಬಿದ್ದರು. ನಡುಮನೆಯ ಹಗ್ಗದ ಹೊರಸಿನ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದ ಗಂಗಾ ಕೈಯಲ್ಲಿದ್ದ ಖಾರಾದ ಸೇವನ್ನು ಒಂದೊಂದಾಗಿ ಮುರಿದು ತಿನ್ನುತ್ತಲೇ ಇದ್ದಳು.

ಆಗ ನಾನು ಅವಳ ಹೆಸರು ಕೂಗಿದೆ. ನನ್ನ ದನಿ ನಿನಗೆ ಗೊತ್ತಲ್ಲ, ಬೀದಿಯ ಆಚೆಯವರು ಬಾಗಿಲು ತೆಗೆದರು. ಎರಡನೇ ಸಲ ಕೂಗಿದೆ, ಮತ್ತೂ ಕೂಗಿದೆ. "ಅಕ್ಕಾ, ಸಾಕು" ಎಂದು ಶಿವು ನನ್ನ ಭುಜ ಹಿಡಿದುಕೊಂಡ. ಕಾರ್ಯ ಮುಗಿದ ಮರುದಿನ ಅವನು ಗಿರಣಿ ಹಚ್ಚಿದಾಗ ಅವಳು ಎಲ್ಲಿದ್ದಳೋ ಓಡಿ ಬಂದು ನಡುಮನೆಯ ಗೋಡೆಗೆ ಎರಡೂ ಅಂಗೈ ಊರಿ ನಿಂತಳು. ಮುಖ ಎಷ್ಟು ಅರಳಿತ್ತೆಂದರೆ... ಅವಳು ಗಿರಣಿಯ ಬಾಗಿಲ ಕಡೆ ನೋಡಿದಳು. ನೀನು ಬರುತ್ತೀಯೆಂದು. ಅವಳ ಪಾಲಿಗೆ ಗೋಡೆ ಅದುರಿತೆಂದರೆ ಅಜ್ಜ ಬಂದ ಎಂದೇ ಅರ್ಥವಾಗಿತ್ತೇನೋ! ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಹೋಗಿ ಕೂತೆ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದ ದಿನ ನಿನ್ನ ಅಳಿಯ ದಾರಿಯುದ್ದಕ್ಕೂ ಧೈರ್ಯ ಹೇಳಿದ. ಈಗೆಲ್ಲ ಒಳಗಡೆ ಮಷೀನು ಕೂಡಿಸುತ್ತಾರೆ, ಕೇಳದ ಮಕ್ಕಳು ಕೇಳಿ ಮಾತಾಡಿ ಶಾಲೆಗೆ ಹೋಗುತ್ತಾರೆ, ಅವನು ಫೋನಿನಲ್ಲಿ ಎಷ್ಟೊಂದು ವಿಡಿಯೋ ನೋಡಿದ್ದ. ಸುಳ್ಳಲ್ಲ, ಹಾಗಾದ ಮಕ್ಕಳಿದ್ದಾರೆ. ಸದ್ದೇ ಒಳಗೆ ಬಾರದಂತೆ ದಪ್ಪ ಗೋಡೆ ಕಟ್ಟಿದ ಕೋಣೆಯಲ್ಲಿ ಅವಳನ್ನು ಕೂಡಿಸಿದರು, ತಲೆಗೆ ತಂತಿ ಹಚ್ಚಿದರು, ಮಲಗಿಸಿ ಫೋಟೋ ತೆಗೆದರು. ನಾನು ಪಾಠದಲ್ಲಿ ಹೇಳುವ ಎಲ್ಲವೂ ಅಲ್ಲಿ ಗೋಡೆಯ ಚಿತ್ರದಲ್ಲಿತ್ತು. ಗಾಳಿಯ ಅಲೆ ಕಿವಿಯ ತಮಟೆಗೆ ಬಡಿಯುತ್ತದೆ, ತಮಟೆ ಸಣ್ಣ ಎಲುಬುಗಳನ್ನು ಅಲುಗಿಸುತ್ತದೆ, ಅವು ಶಂಖದಂಥ ಸುರುಳಿಯೊಳಗಿನ ನೀರನ್ನು ಅಲುಗಿಸುತ್ತವೆ, ಅಲ್ಲಿಂದ ನರ ಹಿಡಿದು ಮಿದುಳಿಗೆ ಸುದ್ದಿ ಹೋಗುತ್ತದೆ. ಡಾಕ್ಟರು ಒಳ್ಳೆಯವರು, ನಮ್ಮ ಕಡೆಯವರೇ. ಪೆನ್ನಿನ ತುದಿಯನ್ನು ಚಿತ್ರದ ಮೇಲೆ ಇಟ್ಟು, "ತಂಗಿ, ಇಲ್ಲಿತನಾ ಎಲ್ಲಾ ಐತಿ. ಇಲ್ಲಿಂದ ಒಳಗ ಹೋಗೂ ನರಾನ ಬೆಳದಿಲ್ಲ, ಎರಡೂ ಕಡೆ" ಎಂದರು. ಮಷೀನು ಎಂದು ನಿನ್ನ ಅಳಿಯ ಬಾಯಿ ತೆಗೆದ. "ಮಷೀನು ಸುದ್ದಿ ಒಯ್ದು ನರಕ್ಕ ಕೊಡಬೇಕಲ್ರಿ. ನರಾನ ಇಲ್ಲಂದ್ರ ಯಾರಿಗೆ ಕೊಡ್ಬೇಕು?" ಎಂದರು ಡಾಕ್ಟರು. ನನಗೆ ಬಸ್ಸಿನ ಮುದುಕಿ ನೆನಪಾದಳು. ಅಷ್ಟು ದೂರದಿಂದ ದಬ್ಬಾಟ ಬಂದು ಮುಟ್ಟುತ್ತದೆ, ಬೈಯಲು ಅಲ್ಲಿ ಯಾರೂ ಇಲ್ಲ.

ಅಲ್ಲಿಂದೀಚೆ ನಾವು ನೋಡದ ಡಾಕ್ಟರಿಲ್ಲ. ಸವಣೂರಿನ ಮಠ, ಅತ್ತೆಗೆ ಗೊತ್ತಿದ್ದ ದರ್ಗಾ, ದುಂಡಸಿಯ ನಾಟಿ ವೈದ್ಯ, ಎಲ್ಲ ಕಡೆ ಹೋಗಿ ಬಂದೆವು. ನಾನು ನಂಬಿಕೆ ಇದ್ದು ಹೋಗಲಿಲ್ಲ, ಹೋಗದೆ ಇರಲಾಗದೆ ಹೋದೆ. ಕಿವಿಯ ಹಿಂದೆ ಹಾಕುವ ಯಂತ್ರವನ್ನೂ ತಂದೆವು. ಅದನ್ನು ಅವಳು ತೆಗೆದು ನೀರಿನ ಹಂಡೆಗೆ ಹಾಕಿ, ಮುಳುಗುವುದನ್ನು ನೋಡಿದಳು. ನಗು ಬಂತು, ಆಮೇಲೆ ಅಳು. ಇನ್ನೂ ದೊಡ್ಡ ಊರಿನಲ್ಲಿ ಮಿದುಳಿಗೇ ಏನೋ ಮಾಡುತ್ತಾರೆ ಎಂದು ಒಬ್ಬರು ಹೇಳಿದರು. ಹುಬ್ಬಳ್ಳಿಯ ಡಾಕ್ಟರನ್ನು ಕೇಳಿದರೆ ಅವರು, "ನನ್ನ ಮಗಳಾಗಿದ್ರ ನಾ ಮಾಡಸ್ತಿರಲಿಲ್ಲ" ಎಂದರು. ಅವತ್ತು ಬಸ್ ನಿಲ್ದಾಣದಲ್ಲಿ ನಿನ್ನ ಅಳಿಯ ಫೋನಿನಲ್ಲಿದ್ದ ಆ ವಿಡಿಯೋಗಳನ್ನೆಲ್ಲ ಅಳಿಸಿ ಹಾಕಿದ. ಅಲ್ಲಿಗೆ ಮುಗಿಯಿತು ಅಪ್ಪಾ. ಅವಳಿಗೆ ಯಾವತ್ತೂ ಕೇಳಿಸುವುದಿಲ್ಲ. ದೇವರು ದೊಡ್ಡವನು, ನೋಡೋಣ, ಎನ್ನುವ ಮಾತು ಯಾರಾದರೂ ಆಡಿದರೆ ಈಗ ನಾನು ಎದ್ದು ಹೋಗುತ್ತೇನೆ.

ಈ ವರ್ಷವೂ ಶಬ್ದದ ಪಾಠ ಬಂತು. ಗಾಜಿನ ಜಾಡಿಯೊಳಗೆ ಕರೆಗಂಟೆ ಇಟ್ಟು, ಪಂಪಿನಿಂದ ಗಾಳಿ ಹೀರಿ ತೆಗೆದರೆ ಸದ್ದು ನಿಲ್ಲಬೇಕು. ಮಾಧ್ಯಮ ಇಲ್ಲದೆ ಸದ್ದು ಸಾಗದು ಎಂದು ತೋರಿಸುವ ಪ್ರಯೋಗ ಅದು. ನಮ್ಮ ಶಾಲೆಯ ಪಂಪು ನಾನು ಬರುವ ಮೊದಲೇ ಕೆಟ್ಟಿದೆ. ಹಾಗಾಗಿ ಗಂಟೆ ಟ್ರಿಣ್ ಎಂದು ಬಾರಿಸುತ್ತಲೇ ಇರುತ್ತದೆ, ಮಕ್ಕಳು ಎದುರಿಗೇ ಕೂತು ಕೇಳುತ್ತಾರೆ, ಕೇಳಿಸಿಕೊಳ್ಳುತ್ತಲೇ "ಶಬ್ದ ಕೇಳಿಸಲಿಲ್ಲ" ಎಂದು ಬರೆಯುತ್ತಾರೆ. ಪ್ರತಿ ವರ್ಷ ನಾನು ಆ ಉತ್ತರಕ್ಕೆ ಸರಿ ಹಾಕುತ್ತೇನೆ. ಈ ಸಲ ಹಾಕುವಾಗ ಕೈ ನಿಂತಿತು. ನಾವೂ ಇದನ್ನೇ ತಿರುಗಿಸಿ ಮಾಡಿದೆವಲ್ಲ? ಏನೂ ಕೇಳಿಸದೆ ಕೂತಿದ್ದ ಕೂಸಿನ ಎದುರಿಗೆ ಕೂತು, ಭಾಳ ಚೊಲೋ ಕೇಳ್ತಾವು ಎಂದು ಬರೆದುಕೊಂಡೆವು. ಒಬ್ಬ ಹುಡುಗಿ, "ಟೀಚರ್, ಯಾಕ್ರಿ?" ಎಂದಳು. ಕಣ್ಣಿಗೆ ಸುಣ್ಣದ ಪುಡಿ ಬಿತ್ತವ್ವಾ ಎಂದೆ.

ಗಿರಣಿ ಮುಚ್ಚುವ ಮಾತು ಶಿವು ತೆಗೆದ ದಿನ ನಾನು ಅವನ ಮೇಲೆ ಹರಿಹಾಯ್ದೆ. ಅವನದೇನೂ ತಪ್ಪಿಲ್ಲ ಎಂದು ಗೊತ್ತಿದ್ದೇ ಹರಿಹಾಯ್ದೆ. ಭತ್ತ ತರುವವರು ಎಲ್ಲ ದೊಡ್ಡ ಮಿಲ್ಲಿಗೆ ಹೋಗುತ್ತಾರೆ, ಅಲ್ಲಿ ಕಲ್ಲು ಆರಿಸಿ ಪಾಲಿಶ್ ಮಾಡಿ ಕೊಡುತ್ತಾರೆ. ನಮ್ಮಲ್ಲಿಗೆ ಬರುವುದು ಅಷ್ಟಿಷ್ಟು ನುಚ್ಚು ಮಾಡಿಸುವ ಮುದುಕಿಯರು ಮಾತ್ರ. "ಗಂಗಾಗ ಇರೂದ ಇದೊಂದು ಸದ್ದಲೋ, ಇದನ್ನೂ ಕಸೀತೀ ಏನು?" ಎಂದೆ. ಆಮೇಲೆ ನಿನ್ನ ಮಗ ಏನು ಮಾಡಿದ ಗೊತ್ತೇ? ದಿನಾ ಸಂಜೆ ಕರೆಂಟು ಬಂದಾಗ, ಹಲ್ಲರಿನಲ್ಲಿ ಒಂದು ಕಾಳೂ ಇಲ್ಲದೆ, ಖಾಲಿ ಗಿರಣಿ ಓಡಿಸಿದ. ಅವಳೊಬ್ಬಳಿಗಾಗಿ. ನೀನು ಕಂಡಿದ್ದರೆ ಕೋಲು ತೆಗೆದುಕೊಳ್ಳುತ್ತಿದ್ದೆ, "ಖಾಲಿ ಓಡಿಸಿದ್ರ ಹಲ್ಲರ ಸವೀತೈತಲೇ ಮೂಳಾ" ಎಂದು. ಅವನಿಗೂ ಗೊತ್ತು. ಓಡಿಸಿದ. ಅವಳು ಗೋಡೆಗೆ ಅಂಗೈ ಊರಿ, ಕೆನ್ನೆ ಊರಿ, ಕೊನೆಗೆ ಬೆನ್ನು ಊರಿ ನಿಂತು ಗಿರಣಿ ಕೇಳುತ್ತಿದ್ದಳು. ಕೇಳುತ್ತಿದ್ದಳು ಎಂದೇ ಬರೆಯುತ್ತೇನೆ, ಬೇರೆ ಶಬ್ದ ನನ್ನಲ್ಲಿಲ್ಲ.

ಎಷ್ಟು ದಿನ ಓಡೀತು? ಹಲ್ಲರಿನ ಒಳಗು ಸವೆದು ಹೋಯಿತು, ಮೋಟಾರು ಸುಟ್ಟ ವಾಸನೆ ಬರತೊಡಗಿತು. ಹಿರೇಕೆರೂರಿನ ಕಡೆಯವರು ಬಂದು ನೋಡಿ, ಕಬ್ಬಿಣದ ಲೆಕ್ಕದಲ್ಲೇ ಒಯ್ಯುತ್ತೇವೆ ಎಂದರು. ಬಿಚ್ಚುವ ಮೊದಲು ಶಿವು ಕೊನೆಯ ಸಲ ಹಚ್ಚಿದ. ಗಂಗಾ ಗಿರಣಿಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು, ತೌಡಿನ ಧೂಳಿನಲ್ಲಿ, ಹೊಸ ಲಂಗ ಹಾಕಿಕೊಂಡು. ಲಂಗ ಹೊಲಸಾಗುತ್ತದೆ ಎಂದು ಯಾರೂ ಅನ್ನಲಿಲ್ಲ. ಹಿರೇಕೆರೂರಿನ ಹುಡುಗರೂ ಬೀಡಿ ಆರಿಸಿ ನಿಂತರು. ಶಿವು ಸ್ವಿಚ್ಚಿನ ಮೇಲೆ ಕೈ ಇಟ್ಟು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ ಕರೆಂಟು ತಾನೇ ಹೋಯಿತು. ಪಟ್ಟಾ ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು. ಅವಳು ಎದ್ದು ಕೂತು ನೆಲವನ್ನು ನೋಡಿದಳು.

ಲಾರಿ ಹೋದ ಮೇಲೆ ಅವಳು ಮನೆಯ ತುಂಬ ಹುಡುಕಿದಳು, ಅಪ್ಪಾ. ನಡುಮನೆಯ ಗೋಡೆ, ಕಂಬ, ಹೊಸ್ತಿಲು, ಹಂಡೆ, ಒಂದೊಂದಕ್ಕೂ ಅಂಗೈ ಹಚ್ಚಿ ನಿಂತು, ಇಲ್ಲಿಲ್ಲ ಎಂದು ಮುಂದೆ ಹೋದಳು. ಕಾಲಂದುಗೆ ಕಳೆದುಕೊಂಡವರು ಹುಡುಕುವ ಹಾಗೆ. ಆಮೇಲೆ ನನ್ನ ಹತ್ತಿರ ಬಂದು ನನ್ನ ಎದೆಗೂ ಅಂಗೈ ಹಚ್ಚಿದಳು. ನಾನು ಬಾಯಿಗೆ ಬಂದದ್ದನ್ನು ಹಾಡಿದೆ, ನಿನ್ನ ಜೋಗುಳವನ್ನೇ. ಸ್ವಲ್ಪ ಹೊತ್ತು ಇದ್ದು ಕೈ ತೆಗೆದಳು. ನನ್ನ ಎದೆಯಲ್ಲಿ ಅವಳು ಹುಡುಕುತ್ತಿದ್ದದ್ದು ಇರಲಿಲ್ಲ.

ನಿನಗೆ ಹೇಳಬೇಕಾದ ಮಾತು ಇನ್ನೊಂದು ಉಳಿದಿದೆ, ಅದಕ್ಕಾಗಿಯೇ ಇಷ್ಟು ಬರೆದೆ. ಕೇಳದ ಮಕ್ಕಳ ಶಾಲೆಗೆ ಅವಳನ್ನು ಹಚ್ಚಿದ್ದೇವೆ. ಅಲ್ಲಿ ಕೈಸನ್ನೆ ಕಲಿಸುವ ಟೀಚರು ಮನೆಯವರ ಫೋಟೋ ತನ್ನಿ ಎಂದಿದ್ದರು. ಮಕ್ಕಳು ತಮ್ಮ ಮನೆಯವರಿಗೆ ತಾವೇ ಏನಾದರೂ ಸನ್ನೆ ಇಟ್ಟುಕೊಂಡಿರುತ್ತಾರಂತೆ, ಅಲ್ಲಿಂದ ಶುರು ಮಾಡುತ್ತಾರಂತೆ. ನನ್ನ ಫೋಟೋ ತೋರಿಸಿದರೆ ಗಂಗಾ ಹಣೆಯ ಬೊಟ್ಟು ಮುಟ್ಟಿ ತೋರಿಸಿದಳು. ಅವಳ ಅಪ್ಪನಿಗೆ ಮೀಸೆ. ಶಿವುಗೆ ಸ್ವಿಚ್ಚು ಒತ್ತುವ ಬೆರಳು. ನಿನ್ನ ಫೋಟೋ ಇಟ್ಟಾಗ ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈ ಅಗಲ ಮಾಡಿ ತನ್ನ ಎದೆಗೆ ಪಟಪಟ ಎಂದು ಎರಡು ಸಲ ಬಡಿದುಕೊಂಡಳು. "ಇದೇನ್ರಿ, ಇದರ ಅರ್ಥ?" ಎಂದು ಟೀಚರು ನನ್ನನ್ನು ಕೇಳಿದರು.

ಅಪ್ಪಾ, ಅದು ಹೊಡೆತವಾಗಿರಲಿಲ್ಲ. ಅದು ನಿನ್ನ ಹೆಸರು. ನೀನು ಬಯಸಿದ ಆ ಒಂದು ಮಾತನ್ನು ಅವಳು ದಿನಾ ಆಡುತ್ತಿದ್ದಳು, ಆಡಿದಾಗಲೆಲ್ಲ ನೀನು ಚಾಡಿ ಹೇಳುತ್ತಿದ್ದೆ. ಅವಳು ಕರೆದಾಗ ನೀನು ಎದೆ ಕುಲುಕಿ ನಗುತ್ತಿದ್ದೆಯಲ್ಲ, ಆ ಅದುರಾಟ ಅವಳ ಅಂಗೈಗೆ ಹೋಗುತ್ತಿತ್ತು. ಅವಳ ಲೆಕ್ಕದಲ್ಲಿ ನೀನು ಪ್ರತಿ ಸಲವೂ ಓ ಅಂದಿದ್ದೀಯ. ಇದೊಂದೇ ನಾನು ನಿನಗೆ ಕೊಡಬಹುದಾದ ಸಮಾಧಾನ. ನನಗೆ ಅಷ್ಟೂ ಇಲ್ಲ.

ನಿನ್ನೆ ಅವಳನ್ನು ಹೊಲಕ್ಕೆ ಕರೆದುಕೊಂಡು ಬಂದಿದ್ದೆ. ನಿನ್ನ ಗದ್ದಿಗೆಯ ಕಲ್ಲಿನ ಮೇಲೆ ಅದೇ ಫೋಟೋ ಇಟ್ಟು, ನೆಲದ ಕಡೆ ಬೆರಳು ಮಾಡಿದೆ. ಅವಳಿಗೆ ತಿಳಿಯಿತು. ಮೊಳಕಾಲೂರಿ ಕೂತು, ಅಂಗೈಯಿಂದ ಮಣ್ಣಿಗೆ ಪಟಪಟ ಬಡಿದಳು. ಕೈ ತೆಗೆಯದೆ ಹಾಗೇ ಇಟ್ಟುಕೊಂಡು ಕಾದಳು. ನಾನು ಹಿಂದೆ ನಿಂತಿದ್ದೆ. ಗಾಳಿಗಿಂತ ಮಣ್ಣಿನಲ್ಲಿ ಸದ್ದು ಬೇಗ ಹೋಗುತ್ತದೆ ಎಂದು ಎಷ್ಟು ಮಕ್ಕಳಿಗೆ ಬರೆಸಿದ್ದೇನೆ. ಹೋಗಿ ಮುಟ್ಟಿದಲ್ಲಿ ಯಾರಿರಬೇಕು ಎಂದು ಪಾಠದಲ್ಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು, ಒಮ್ಮೆ ನನ್ನ ಮುಖ ನೋಡಿ, ಮತ್ತೆ ಮಣ್ಣಿನ ಕಡೆ ಬಾಗಿದಳು.

ಎರಡನೇ ಸಲ ಕರೆದಳು, ಅಪ್ಪಾ.

ನಿನ್ನ ಮಗಳು